ಹೃದಯದ ಹೆಸರಿನಲ್ಲಿ ತಪ್ಪು ಪಾಠ

ಮಾನ್ಯರೇ,

ಸೆ. 30ರ ಸಂಚಿಕೆಯಲ್ಲಿ ‘ಕೊಬ್ಬು ಬಿಡಿ, ಹೃದಯ ಉಳಿಸಿ’ ಶಿಬಿರದ ವರದಿ ಓದಿದೆ. ವೇದಿಕೆಯ ಮೇಲೆ ಶಾಲು ಹೊದ್ದು ನಿಂತ ಒಂಬತ್ತು ಮಂದಿಯ ಚಿತ್ರವಿದೆ. ಕೆಳಗೆ ಬಿಸಿಲಿನಲ್ಲಿ ಕುಳಿತಿದ್ದ ನಮ್ಮ ಬಗ್ಗೆ ಒಂದು ಸಾಲೂ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮನೆಯವರಿಗೆ ಎಪ್ಪತ್ತೊಂದು ವರ್ಷ. ಹದಿನೆಂಟು ವರ್ಷಗಳಿಂದ ಸಕ್ಕರೆ ಕಾಯಿಲೆ. ರಕ್ತ ಪರೀಕ್ಷೆ ಇದೆ, ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದು ಹಿಂದಿನ ದಿನ ಆಟೊದಲ್ಲಿ ಮೈಕು ಕಟ್ಟಿಕೊಂಡು ಕೂಗಿ ಹೋಗಿದ್ದರು. ಬೆಳಿಗ್ಗೆ ಏಳಕ್ಕೇ ಹೋದೆವು. ತೀನ್ ಕಂದಿಲ್‌ನಿಂದ ಆಟೊದವನಿಗೆ ನೂರು ರೂಪಾಯಿ ತೆತ್ತೆವು. ಉದ್ಘಾಟಕರು ಬಂದದ್ದು ಹತ್ತೂವರೆಗೆ. ಪ್ರಾರ್ಥನೆ, ಸ್ವಾಗತ, ದೀಪ, ಹಾರ, ಮತ್ತೆ ಹಾರ. ನಮ್ಮ ಸರದಿ ಬರುವಷ್ಟರಲ್ಲಿ ಸಕ್ಕರೆ ನೋಡುವ ಪಟ್ಟಿಗಳೇ ಮುಗಿದಿದ್ದವು. ಬರಿಗೈಯಲ್ಲಿ ಕಳಿಸಬಾರದೆಂದು ಸಿಹಿ ಚಹಾ, ಗ್ಲೂಕೋಸ್ ಬಿಸ್ಕತ್ತು ಕೊಟ್ಟರು. ಸಕ್ಕರೆ ಕಾಯಿಲೆಯವರ ಸಾಲಿಗೆ! ಮನೆಗೆ ಬಂದು ನಮ್ಮ ಯಂತ್ರದಲ್ಲಿ ನೋಡಿದರೆ ಸಕ್ಕರೆ 286ಕ್ಕೆ ಏರಿತ್ತು.

ಇದನ್ನೆಲ್ಲ ನುಂಗಿಕೊಳ್ಳುತ್ತಿದ್ದೆ. ಆದರೆ ಕೈಗಿತ್ತ ಕರಪತ್ರವನ್ನು ನುಂಗಿಕೊಳ್ಳಲಾಗದು. ‘ಹೃದಯ ನಡೆಯುವುದು ಸಕ್ಕರೆಯ ಶಕ್ತಿಯಿಂದ, ಕೊಬ್ಬು ಹೃದಯದೊಳಗೆ ಹೊಕ್ಕರೆ ಅದು ವಿಷ’ ಎಂದು ದಪ್ಪ ಅಕ್ಷರಗಳಲ್ಲಿ ಅಚ್ಚಾಗಿದೆ. ಭಾಷಣಕಾರರೂ ಅದನ್ನೇ ಓದಿದರು. ನಾನು ಮೂವತ್ತೊಂದು ವರ್ಷ ಪದವಿಪೂರ್ವ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಟ್ಟವಳು. ಎದ್ದು ನಿಂತು, ಇದು ತಪ್ಪು ಎಂದೆ. ‘ಪ್ರಶ್ನೆಗೆ ಸಮಯವಿಲ್ಲ, ಕುಳಿತುಕೊಳ್ಳಿ ಅಮ್ಮ’ ಎಂದರು. ಮೂರೂವರೆ ಗಂಟೆ ನಮ್ಮನ್ನು ಕಾಯಿಸಿದವರಿಗೆ ಒಂದು ನಿಮಿಷ ಸಮಯವಿರಲಿಲ್ಲ.

ಅಲ್ಲಿ ಹೇಳಗೊಡದದ್ದನ್ನು ಇಲ್ಲಿ ಹೇಳುತ್ತೇನೆ. ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುವ ಹೃದಯಕ್ಕೆ ಕೂಡಿಟ್ಟ ಶಕ್ತಿ ಎಂಬುದು ಹೆಚ್ಚೇನೂ ಇಲ್ಲ. ಅದರಲ್ಲಿರುವ ಎಟಿಪಿ, ಅಂದರೆ ಜೀವಕೋಶ ನೇರವಾಗಿ ಖರ್ಚು ಮಾಡುವ ಶಕ್ತಿಯ ಅಣು, ಕೆಲವೇ ಸೆಕೆಂಡುಗಳಿಗೆ ಸಾಲುವಷ್ಟು. ಬಡಿಯುತ್ತಲೇ ದುಡಿದು ತಿನ್ನಬೇಕು. ಆರೋಗ್ಯವಂತನ ಹೃದಯ ತನ್ನ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲನ್ನು, ಸಾಮಾನ್ಯವಾಗಿ ಶೇ 60ರಿಂದ 70ರಷ್ಟನ್ನು, ಪಡೆಯುವುದು ಕೊಬ್ಬು ಒಡೆದಾಗ ಸಿಗುವ ಕೊಬ್ಬಿನಾಮ್ಲಗಳಿಂದ. ಗ್ಲೂಕೋಸ್, ಅದು ಒಡೆದು ಬರುವ ಲ್ಯಾಕ್ಟೇಟ್ ಮುಂತಾದವು ಉಳಿದ ಪಾಲಿಗೆ. ತಾಯಿಯ ಗರ್ಭದಲ್ಲಿರುವಾಗ ಶಿಶುವಿನ ಹೃದಯ ಹೆಚ್ಚಾಗಿ ಗ್ಲೂಕೋಸ್ ಮತ್ತು ಲ್ಯಾಕ್ಟೇಟನ್ನೇ ನೆಚ್ಚಿರುತ್ತದೆ. ಹುಟ್ಟಿದ ಮೇಲೆ ಕೊಬ್ಬಿನ ಕಡೆ ತಿರುಗುತ್ತದೆ. ತಾಯಿಹಾಲಿನ ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧ ಕೊಬ್ಬಿನದೇ. ವಿಷವನ್ನೇ ಕುಡಿಸಿ ನಮ್ಮ ತಾಯಂದಿರು ನಮ್ಮನ್ನು ಬೆಳೆಸಿದರೇ?

ಕೊಬ್ಬಿನಾಮ್ಲ ನೀರಿನಲ್ಲಿ ಕರಗುವುದಿಲ್ಲ. ಆದ್ದರಿಂದ ರಕ್ತದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನಿನ ಬೆನ್ನೇರಿ ಬರುತ್ತದೆ, ಇಲ್ಲವೇ ಮೂರು ಕೊಬ್ಬಿನಾಮ್ಲ ಕೂಡಿದ ಟ್ರೈಗ್ಲಿಸರೈಡ್ ಆಗಿ ಬಂದು ಲೋಮನಾಳದ (ಕೂದಲಿನಂಥ ಸಣ್ಣ ರಕ್ತನಾಳದ) ಗೋಡೆಯಲ್ಲಿರುವ ಕಿಣ್ವದಿಂದ ಬಿಡಿಯಾಗುತ್ತದೆ. ಹೃದಯಸ್ನಾಯುವಿನ ಜೀವಕೋಶದ ಪೊರೆಯಲ್ಲಿ ಅದನ್ನು ಬರಮಾಡಿಕೊಳ್ಳುವ ಪ್ರೋಟೀನುಗಳಿವೆ. ಅವುಗಳಲ್ಲಿ ಮುಖ್ಯವಾದದ್ದು ಸಿಡಿ36. ಇದರ ಒಂದು ಭಾಗ ಜೀವಕೋಶದ ಒಳಗಿನ ಸಣ್ಣ ಚೀಲಗಳಲ್ಲಿ ಕಾದಿರುತ್ತದೆ. ಹೃದಯದ ದುಡಿಮೆ ಹೆಚ್ಚಿದಾಗ, ಅಥವಾ ಊಟವಾಗಿ ಇನ್ಸುಲಿನ್ ಏರಿದಾಗ, ಪೊರೆಗೆ ಬಂದು ನಿಲ್ಲುತ್ತದೆ. ಕೆಲಸ ಮುಗಿದರೆ ಒಳಗೆ ಸರಿಯುತ್ತದೆ. ಒಳಬಂದ ಕೊಬ್ಬಿನಾಮ್ಲವನ್ನು ಇನ್ನೊಂದು ಪ್ರೋಟೀನು ಸಾಗಿಸುತ್ತದೆ, ಕಾರ್ನಿಟಿನ್ ಎಂಬ ವಾಹಕ ಅದನ್ನು ಜೀವಕೋಶದ ಶಕ್ತಿಮನೆಯಾದ ಮೈಟೊಕಾಂಡ್ರಿಯಕ್ಕೆ ದಾಟಿಸುತ್ತದೆ, ಅಲ್ಲಿ ಎರಡೆರಡು ಇಂಗಾಲದ ತುಂಡುಗಳಾಗಿ ಕಡಿದು ಉರಿಯುತ್ತದೆ. ಎಷ್ಟು ಬೇಕೋ ಅಷ್ಟೇ ಬಾಗಿಲು ತೆರೆಯುವ ಈ ಏರ್ಪಾಟನ್ನು ಪಾಠ ಮಾಡುವಾಗ ನನಗೆ ಪ್ರತಿ ವರ್ಷವೂ ರೋಮಾಂಚನವಾಗುತ್ತಿತ್ತು.

ಸಕ್ಕರೆ ಕಾಯಿಲೆಯಲ್ಲಿ ಕೆಡುವುದು ಈ ಬಾಗಿಲೇ. ಇನ್ಸುಲಿನ್ನಿನ ಮಾತು ನಡೆಯದಾದಾಗ ರಕ್ತದಲ್ಲಿ ಕೊಬ್ಬಿನಾಮ್ಲ ಏರುತ್ತದೆ. ಸಿಡಿ36 ಒಳಗೆ ಸರಿಯದೆ ಪೊರೆಯಲ್ಲೇ ಉಳಿಯುವುದನ್ನು ಇಲಿಗಳ ಮೇಲಿನ ಸಂಶೋಧನೆಗಳು ತೋರಿಸಿವೆ. ಉರಿಸುವುದಕ್ಕಿಂತ ಹೆಚ್ಚು ಕೊಬ್ಬು ಒಳಗೆ ಸೇರಿ, ಹನಿಹನಿಯಾಗಿ ನಿಂತು, ಸ್ನಾಯುವಿನ ಬಲ ಕುಂದುತ್ತದೆ. ರಕ್ತನಾಳದಲ್ಲಿ ಕೊಲೆಸ್ಟರಾಲ್ ಕಟ್ಟಿಕೊಳ್ಳುವುದು ಬೇರೆಯದೇ ತೊಂದರೆ. ಕರಪತ್ರ ಬರೆದವರು ಎರಡನ್ನೂ ಕಲಸಿ ಒಂದು ಮಾಡಿದ್ದಾರೆ. ಎಣ್ಣೆ ಮಿತವಾಗಿರಲಿ, ಕರಿದದ್ದು ಕಡಿಮೆಯಾಗಲಿ, ವನಸ್ಪತಿ ಬೇಡ ಎಂದಿದ್ದರೆ ನಾನೇ ಚಪ್ಪಾಳೆ ತಟ್ಟುತ್ತಿದ್ದೆ. ಇವರು ಸಕ್ಕರೆಗೆ ಹೃದಯದ ಆಹಾರವೆಂಬ ಪಟ್ಟ ಕಟ್ಟಿದರು.

ಫಲವೇನಾಯಿತು? ಅಂದು ಮಧ್ಯಾಹ್ನ ನಮ್ಮ ಮನೆಯವರು ಜೋಳದ ರೊಟ್ಟಿಯ ಪಕ್ಕದ ಶೇಂಗಾ ಚಟ್ನಿಯನ್ನು ತಟ್ಟೆಯಿಂದ ಆಚೆ ಸರಿಸಿದರು. ಗುರೆಳ್ಳು ಪುಡಿಯನ್ನೂ ಮುಟ್ಟಲಿಲ್ಲ. ಸಂಜೆ, ಎದೆಗೆ ಬಲ ಬರಲಿ, ನೀರಿನಲ್ಲಿ ಗ್ಲೂಕೋಸ್ ಪುಡಿ ಕಲಸಿಕೊಡು ಎಂದು ಕೇಳಿದರು. ಸರ್ಕಾರದ ಕಾಗದದಲ್ಲಿ ಅಚ್ಚಾಗಿದೆ, ನಿನ್ನ ಮಾತು ಹೇಗೆ ನಂಬಲಿ ಎಂದರು. ಮೂವತ್ತೊಂದು ವರ್ಷದ ನನ್ನ ಪಾಠಕ್ಕಿಂತ ಒಂದು ಕರಪತ್ರ ದೊಡ್ಡದಾಯಿತು. ಪಕ್ಕದ ಮನೆಯವರಂತೂ ತಿಂಗಳಿಗೆಂದು ತಂದಿದ್ದ ಎಣ್ಣೆಯನ್ನೇ ಅಂಗಡಿಗೆ ಹಿಂತಿರುಗಿಸಿದ್ದಾರೆ.

ದಿನಾ ನಡೆಯಿರಿ ಎಂದೂ ಬರೆದಿದ್ದಾರೆ. ಎಲ್ಲಿ ನಡೆಯಬೇಕು? ನಮ್ಮ ಬಡಾವಣೆಯ ಉದ್ಯಾನದ ದೀಪಗಳು ಕೆಟ್ಟು ಎರಡು ವರ್ಷವಾಯಿತು. ನಾಲ್ಕು ಅರ್ಜಿ ಕೊಟ್ಟಿದ್ದೇನೆ, ನಾಲ್ಕಕ್ಕೂ ಸ್ವೀಕೃತಿ ಮುದ್ರೆ ಇದೆ, ದೀಪ ಮಾತ್ರ ಇಲ್ಲ. ಪಾದಚಾರಿ ದಾರಿಯ ಮೇಲೆ ಅಂಗಡಿಗಳು, ಅಂಗಡಿಯ ಮುಂದೆ ಬೈಕುಗಳು. ಒಂದೇ ಎಣ್ಣೆಯನ್ನು ದಿನವಿಡೀ ಕಾಯಿಸಿ ಮಿರ್ಚಿ ಕರಿಯುವ ಬಂಡಿಗಳ ಬಳಿ ಯಾವ ಅಧಿಕಾರಿ ಹೋಗಿ ನೋಡಿದ್ದಾನೆ? ಎಣ್ಣೆ ಕೊಬ್ಬುಗಳಲ್ಲಿ ಟ್ರಾನ್ಸ್ ಕೊಬ್ಬು (ವನಸ್ಪತಿಯಂಥವುಗಳಲ್ಲಿ ಇರುವ ಕೆಟ್ಟ ಕೊಬ್ಬು) ಶೇ 2ನ್ನು ಮೀರಬಾರದೆಂಬ ನಿಯಮ 2022ರ ಜನವರಿಯಿಂದ ದೇಶದಲ್ಲಿದೆ. ಅದನ್ನು ಕರಪತ್ರದಲ್ಲಿ ಹೇಳಲು ಜಾಗ ಸಿಗಲಿಲ್ಲವೇ? ಅತಿಥಿಗಳ ಭಾವಚಿತ್ರಗಳಿಗೆ ಅರ್ಧ ಪುಟ ಸಿಕ್ಕಿತಲ್ಲ!

ಕೃಷ್ಣೆ ಒಂದು ಕಡೆ, ತುಂಗಭದ್ರೆ ಇನ್ನೊಂದು ಕಡೆ ಹರಿಯುವ ಜಿಲ್ಲೆ ನಮ್ಮ ರಾಯಚೂರು. ಆದರೂ 2022ರಲ್ಲಿ ನಲ್ಲಿಯ ಕಲುಷಿತ ನೀರು ಕುಡಿದು ಇದೇ ನಗರದಲ್ಲಿ ಜನ ಸತ್ತರು. ಅದೇ ವರ್ಷ ಮೇ ತಿಂಗಳಲ್ಲಿ ಏಮ್ಸ್‌ಗಾಗಿ ಶುರುವಾದ ಧರಣಿ ಮುಂದೆ ಸಾವಿರ ದಿನ ದಾಟಿತು. ದೊಡ್ಡ ಆಸ್ಪತ್ರೆ ಕೇಳಿದರೆ ಭರವಸೆ, ಶುದ್ಧ ನೀರು ಕೇಳಿದರೆ ಸಮಿತಿ, ಆರೋಗ್ಯದ ತಿಳಿವಳಿಕೆ ಕೇಳಿದರೆ ಇಂತಹ ಕಾಗದ. ನಮ್ಮನ್ನು ಏನೆಂದು ತಿಳಿದಿದ್ದಾರೆ?

ಸಂಬಂಧಪಟ್ಟವರು ಕರಪತ್ರವನ್ನು ಕೂಡಲೇ ಹಿಂಪಡೆಯಬೇಕು; ಹಂಚಿ ಆಗಿದೆ ಎಂದಾದರೆ ತಿದ್ದಿ ಮನೆಮನೆಗೆ ಮತ್ತೆ ಹಂಚಬೇಕು. ಉದ್ಯಾನದ ದೀಪಗಳನ್ನೂ ಹಾಕಿಸಬೇಕು. ಗೊತ್ತಿಲ್ಲದಿದ್ದರೆ ಗೊತ್ತಿದ್ದವರನ್ನು ಕೇಳಬೇಕು, ಕೇಳಲು ಮನಸ್ಸಿಲ್ಲದಿದ್ದರೆ ಶಿಬಿರವನ್ನೇ ಮಾಡಬಾರದು. ಸಕ್ಕರೆ ಕಾಯಿಲೆಯವರನ್ನು ಉಪವಾಸ ಕೂರಿಸಿ ಗ್ಲೂಕೋಸ್ ಬಿಸ್ಕತ್ತು ಹಂಚಿದವರಿಗೆ ನಾಚಿಕೆಯಾಗಬೇಕು.

– ನಿವೃತ್ತ ಜೀವಶಾಸ್ತ್ರ ಉಪನ್ಯಾಸಕಿ, ರಾಯಚೂರು