ಐದಕ್ಕೆ ಎರಡು ಮಾರ್ಕು

ಮಾರಾಯಾ,

ಫೋನಿನಲ್ಲೇ ಹೇಳಬಹುದಿತ್ತು, ಆದರೆ ನೀನು ನಡುವೆ ಬಾಯಿ ಹಾಕುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಕಾಲೇಜಿನಲ್ಲಿ ಈ ವರ್ಷ ಉತ್ತರ ಕನ್ನಡ ಅಧ್ಯಯನ ಅಂತ ಸರ್ಟಿಫಿಕೇಟ್ ಕೋರ್ಸ್ ಶುರು ಮಾಡಿದೆವಲ್ಲ, ಅದರ ಸಿಲೆಬಸ್ ನಾನೇ ಮಾಡಿದ್ದು. ಬನವಾಸಿಯ ಕದಂಬರು, 1862ರಲ್ಲಿ ಜಿಲ್ಲೆ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಹೋದದ್ದು, 1930ರ ಅಂಕೋಲೆಯ ಉಪ್ಪಿನ ಸತ್ಯಾಗ್ರಹ, ಯಕ್ಷಗಾನ. ಕೊನೆಯ ಯೂನಿಟ್ಟಿಗೆ 'ಬುಡಕಟ್ಟುಗಳು' ಅಂತ ಹೆಸರಿಟ್ಟು ಹಾಲಕ್ಕಿ, ಸಿದ್ದಿ, ಗೌಳಿ, ಕುಣಬಿ ಎಲ್ಲರನ್ನೂ ನಾಲ್ಕು ಪಿರಿಯಡ್ಡಿನಲ್ಲಿ ತುರುಕಿದ್ದೆ. ಭಟ್ಕಳದ ನವಾಯತ ಮುಸ್ಲಿಮರು, ಮುಂಡಗೋಡದ ಟಿಬೆಟನ್ನರು ಅದರಲ್ಲೂ ಇಲ್ಲ. ಬೇಕೆಂದೇ ಬಿಟ್ಟಿದ್ದಲ್ಲ, ಹೊಳೆಯಲೇ ಇಲ್ಲ. ಅದು ಇನ್ನೂ ಕೆಟ್ಟದ್ದು, ಅಲ್ವಾ?

ಇಂಟರ್ನಲ್ ಟೆಸ್ಟಿಗೆ 'ಸಿದ್ದಿಗಳ ಮೂಲ ಯಾವುದು?' ಅಂತ ಐದು ಮಾರ್ಕಿನ ಪ್ರಶ್ನೆ ಕೊಟ್ಟೆ. ಆಫ್ರಿಕಾ, ಪೋರ್ಚುಗೀಸರು, ಗುಲಾಮಗಿರಿ, ಗೋವಾದಿಂದ ತಪ್ಪಿಸಿಕೊಂಡು ಕಾಡು ಸೇರಿದ್ದು ಅಂತ ನೋಟ್ಸಿನಲ್ಲಿದ್ದದ್ದನ್ನು ಇಳಿಸಿದವರಿಗೆಲ್ಲ ಐದಕ್ಕೆ ಐದು. ಕ್ಲಾಸಿನಲ್ಲಿ ಒಬ್ಬಳೇ ಸಿದ್ದಿ ಹುಡುಗಿ, ಯಲ್ಲಾಪುರ ಕಡೆಯವಳು. ಅವಳು ತನ್ನ ಕೇರಿ, ಹಳ್ಳದ ಪಕ್ಕದ ಅಜ್ಜಿಯ ಮನೆ, ಮನೆಯಲ್ಲಿ ಆಡುವ ಕೊಂಕಣಿ ಬೆರೆತ ಮಾತು, ಇಷ್ಟನ್ನೇ ಬರೆದಿದ್ದಳು. ನಾನು ಎರಡು ಮಾರ್ಕು ಹಾಕಿದೆ. ಕೆಂಪು ಪೆನ್ನಿನಲ್ಲಿ 'ಪ್ರಶ್ನೆ ಸರಿಯಾಗಿ ಓದು' ಅಂತ ಬೇರೆ.

ಸ್ಟಾಫ್ ರೂಮಿಗೆ ಬಂದು ಕೇಳಿದಳು. "ಸರ್, ಬೇರೆಯವರ ಮೂಲ ಯಾಕೆ ಕೇಳಲಿಲ್ಲ?"

ಈಗ ನಗಬೇಡ. ನಮ್ಮ ಹವ್ಯಕ ಬ್ರಾಹ್ಮಣರನ್ನು ಮಯೂರವರ್ಮ ಉತ್ತರದ ಅಹಿಚ್ಛತ್ರದಿಂದ ಕರೆತಂದ ಅಂತ ಅಜ್ಜ ಹೇಳುತ್ತಿದ್ದ ಕಥೆಯನ್ನು ನಾನು ಕದಂಬರ ಪಾಠದಲ್ಲಿ ಎದೆಯುಬ್ಬಿಸಿ ಹೇಳುತ್ತೇನೆ. ಹಾಗಂತ ನಮ್ಮನ್ನು ಯಾರೂ 'ನಿಮ್ಮ ದೇಶ ಯಾವುದು' ಅಂತ ಕೇಳುವುದಿಲ್ಲ. ಅವಳನ್ನು ಬಸ್ಸಿನಲ್ಲಿ ಈಗಲೂ ಇಂಗ್ಲಿಷಿನಲ್ಲಿ ಮಾತಾಡಿಸುತ್ತಾರಂತೆ.

ಗ್ಯಾದರಿಂಗ್ ಬಂತೆಂದರೆ ಮಾತ್ರ ಎಲ್ಲರಿಗೂ ಅವಳು ಬೇಕು. ಸಿದ್ದಿಗಳ ದಮಾಮಿ ಕುಣಿತ ಮಾಡಿಸಿ, ಫೋಟೋ ತೆಗೆದು, ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್‌ನವರ ಫೈಲಿಗೆ ಅಂಟಿಸಿ ಬಿಡುತ್ತೇವೆ. ಹೋದ ವರ್ಷ ಕುಣಿಯಲು ಒಪ್ಪಿಸಿದ್ದೂ ನಾನೇ.

ಜಿಲ್ಲೆಯ ಗಡಿಯನ್ನೇ ಸಿಲೆಬಸ್ಸಿನ ಗಡಿ ಮಾಡಿಕೊಂಡದ್ದು ಇನ್ನೊಂದು ತಪ್ಪು. ಸಿದ್ದಿಗಳಿಗೆ 2003ರಲ್ಲಿ ಎಸ್‌ಟಿ ಸಿಕ್ಕಿದ್ದು ನಮ್ಮ ಜಿಲ್ಲೆಯಲ್ಲಿ ಮಾತ್ರ. ಬೆಳಗಾವಿ, ಧಾರವಾಡ ಕಡೆಯವರು 2020ರ ತನಕ ಕಾದರು. ಅವಳ ಚಿಕ್ಕಮ್ಮನನ್ನು ಖಾನಾಪುರಕ್ಕೆ ಕೊಟ್ಟಿದ್ದಾರೆ. ಹಾಗಾಗಿ ಇದನ್ನೆಲ್ಲ ಅವಳು ಯಾವ ನೋಟ್ಸೂ ಇಲ್ಲದೆ ಹೇಳಿದಳು.

ಅದೇ ದಿನ ಬ್ಯಾಗಿನಿಂದ ಒಂದು ಕೌದಿಯನ್ನೂ ತೆಗೆದು ತೋರಿಸಿದಳು. ಹಳೇ ಸೀರೆ, ಅಂಗಿಯ ತುಂಡುಗಳು. ಅಂಚಿನಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬಂದ ಹೊಲಿಗೆ. ನಾಲ್ಕೂ ಮೂಲೆಗೆ ಪುಟ್ಟ ತ್ರಿಕೋನ, ಅದಕ್ಕೆ 'ಫುಲಾ' ಅನ್ನುತ್ತಾರಂತೆ. ಅದಿಲ್ಲದಿದ್ದರೆ ಕೌದಿ ಬತ್ತಲೆ ಅಂತ ಅಜ್ಜಿ ಬೈಯುತ್ತಾಳಂತೆ.

ಆ ಅಜ್ಜಿಯನ್ನೇ ಪಾಠಕ್ಕೆ ಕರೆಯೋಣ ಅಂತ ಹೊರಟೆ. ಪ್ರಿನ್ಸಿಪಾಲರು ಒಪ್ಪಿದರು, ತಕರಾರು ಬಂದದ್ದು ಆಫೀಸಿನಲ್ಲಿ. ಅತಿಥಿ ಉಪನ್ಯಾಸಕ್ಕೆ ಐನೂರು ರೂಪಾಯಿ ಕೊಡಬೇಕಾದರೆ ಫಾರ್ಮ್ ತುಂಬಬೇಕು. ಅದರಲ್ಲಿ ವಿದ್ಯಾರ್ಹತೆ ಅಂತ ಒಂದು ಕಾಲಮ್ ಇದೆ, ಖಾಲಿ ಬಿಟ್ಟರೆ ಬಿಲ್ ಪಾಸಾಗುವುದಿಲ್ಲವಂತೆ. ನೀನು ಸರ್ಕಾರಿ ಕಚೇರಿಯಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವನು, ಅಲ್ಲಿ ಏನು ಬರೆಯಲಿ? ಮಂಗಳವಾರದೊಳಗೆ ಹೇಳು, ಬುಧವಾರ ಅಜ್ಜಿ ಬರುತ್ತಾಳೆ.

ನಿನ್ನ,
ಮೇಷ್ಟ್ರು