ಪ್ಲಾಸ್ಟರಿಂಗ್‌ಗೆ ಮೊದಲು ಬಿಸಿನೀರಿನ ಪೈಪು ಪರೀಕ್ಷಿಸಿ

ಮಾನ್ಯರೇ,

ಹೊಸ ಮನೆಗೆ ವಿದ್ಯುತ್ ಸಂಪರ್ಕ ಕೊಡುವಾಗ ಸೋಲಾರ್ ವಾಟರ್ ಹೀಟರ್ ಇದೆಯೇ ಎಂದು ಕೇಳುತ್ತಾರೆ. ಆ ಬಿಸಿನೀರನ್ನು ತಾರಸಿಯಿಂದ ಬಚ್ಚಲಿಗೆ ಇಳಿಸುವ ಪೈಪು ನೆಟ್ಟಗಿದೆಯೇ ಎಂದು ಯಾರೂ ನೋಡುವುದಿಲ್ಲ. ಗೃಹಪ್ರವೇಶವಾಗಿ ವರ್ಷ ತುಂಬುವುದರೊಳಗೆ ಗೋಡೆಯ ಪೇಂಟ್ ಉಬ್ಬಿ, ಹೊಸ ಟೈಲ್ಸ್ ಒಡೆಯುವ ಪಾಡು ಎಷ್ಟೋ ಮನೆಗಳದ್ದು.

ಟ್ಯಾಂಕಿನ ನೀರು ಬಿಟ್ಟು ‘ಸೋರ್ತಿಲ್ಲ’ ಎಂದರೆ ಪರೀಕ್ಷೆ ಆದಂತಲ್ಲ. 4 ಮೀಟರ್ ಎತ್ತರದ ಟ್ಯಾಂಕಿನಿಂದ ಸಿಗುವ ಒತ್ತಡ ಚದರ ಸೆಂ.ಮೀ.ಗೆ 0.4 ಕೆ.ಜಿ. ಮಾತ್ರ; ಅಷ್ಟನ್ನು ಅರೆಬರೆ ಅಂಟಿದ ಜಾಯಿಂಟೂ ತಡೆದುಕೊಳ್ಳುತ್ತದೆ. ಮುಂದೆ ಪ್ರೆಷರ್ ಪಂಪ್ ಕೂರಿಸಿದಾಗ, ಇಲ್ಲವೇ ಬಿಸಿಗೆ ಪೈಪು ಹಿಗ್ಗಿ ಕುಗ್ಗಿದಾಗ ಅದು ಬಿಟ್ಟುಕೊಳ್ಳುತ್ತದೆ. 40 ಡಿಗ್ರಿ ಬಿಸಿ ಏರಿದರೆ 10 ಮೀಟರ್ ಸಿಪಿವಿಸಿ (ಬಿಸಿನೀರಿಗೆ ಬಳಸುವ ಪ್ಲಾಸ್ಟಿಕ್) ಪೈಪು ಸುಮಾರು 25 ಮಿ.ಮೀ. ಹಿಗ್ಗುತ್ತದೆ. ತಾರಸಿಯ ಮೇಲೆ ನೇರವಾಗಿ ಎಳೆದ ಲೈನಿನಲ್ಲಿ ಹಿಗ್ಗಲು ಜಾಗ ಕೊಡುವ ಒಂದು ಬಾಗು, ಅಂದರೆ ಲೂಪ್ ಇರಲೇಬೇಕು, ಕ್ಲ್ಯಾಂಪು ಪೈಪನ್ನು ಕಚ್ಚಿ ಹಿಡಿಯಬಾರದು.

ಸರಿಯಾದ ಪರೀಕ್ಷೆಗೆ ಬೇಕಾದದ್ದು ಒತ್ತಡ ತೋರಿಸುವ ಗೇಜ್ ಇರುವ ಒಂದು ಕೈಪಂಪು, ಅಷ್ಟೇ. ಕೊನೆಯ ಜಾಯಿಂಟ್ ಅಂಟಿಸಿ 24 ಗಂಟೆ ಬಿಡಿ. ಸೋಲಾರ್ ಟ್ಯಾಂಕಿನ ಸಂಪರ್ಕ ತಪ್ಪಿಸಿ. ಅದು ಈ ಒತ್ತಡ ತಾಳುವುದಿಲ್ಲ. ನಲ್ಲಿ ಬರುವ ಜಾಗಗಳಿಗೆ ಪ್ಲಗ್ ಹಾಕಿ, ಮೇಲಿನ ತುದಿಯಿಂದ ಗಾಳಿ ಪೂರ್ತಿ ಹೊರಹೋಗುವಂತೆ ನೀರು ತುಂಬಿಸಿ. ಒತ್ತಡವನ್ನು ಚದರ ಸೆಂ.ಮೀ.ಗೆ 10 ಕೆ.ಜಿ.ವರೆಗೆ ಏರಿಸಿ, ಒಂದೆರಡು ಗಂಟೆ ಮುಳ್ಳು ಕದಲದಿದ್ದರೆ ಗಾರೆ ಕೆಲಸಕ್ಕೆ ಒಪ್ಪಿಗೆ ಕೊಡಿ. ನೀರಿನ ಬದಲು ಗಾಳಿ ತುಂಬಿ ಪರೀಕ್ಷಿಸುವುದು ಅಪಾಯ, ಪೈಪು ಸಿಡಿದರೆ ಚೂರುಗಳು ಹಾರುತ್ತವೆ.

ಸೋರುವ ಜಾಯಿಂಟುಗಳನ್ನು ಕತ್ತರಿಸಿ ನೋಡಿದರೆ ಅದೇ ತಪ್ಪುಗಳು: ಓರೆಯಾಗಿ ಕೊಯ್ದ ಪೈಪು, ಒರೆಸದ ಧೂಳು, ಪಿವಿಸಿ ಅಂಟು. ಸಿಪಿವಿಸಿಗೆ ಅದರದೇ ಅಂಟು (ಸಾಲ್ವೆಂಟ್ ಸಿಮೆಂಟ್) ಬೇಕು. ಪೈಪನ್ನು ಕಾಲು ಸುತ್ತು ತಿರುಗಿಸುತ್ತಾ ತಳದವರೆಗೆ ಒತ್ತಿ ಅರ್ಧ ನಿಮಿಷ ಹಿಡಿಯಬೇಕು. ನಲ್ಲಿ ಕೂರುವ ಕಡೆ ಹಿತ್ತಾಳೆ ತಿರುಪಿನ ಫಿಟ್ಟಿಂಗೇ ಇರಲಿ, ಮೇಲೆ ಟೆಫ್ಲಾನ್ ಟೇಪು ಸಾಕು. ಸಿಪಿವಿಸಿಯ ಮಿತಿ 93 ಡಿಗ್ರಿ. ಬೇಸಿಗೆಯಲ್ಲಿ ನೀರು ಬಳಸದೆ ಬಿಟ್ಟ ಟ್ಯೂಬ್ ಮಾದರಿಯ ಹೀಟರಿನಲ್ಲಿ ನೀರು ಕುದಿಯುವ ಮಟ್ಟಕ್ಕೆ ಹೋಗಬಹುದು, ಆದ್ದರಿಂದ ಟ್ಯಾಂಕಿನಿಂದ ಹೊರಡುವ ಮೊದಲ ಎರಡು ಮೂರು ಮೀಟರ್ ಲೋಹದ ಪೈಪು ಇರುವುದು ಕ್ಷೇಮ.

ಪೈಪು ದಪ್ಪವಿದ್ದಷ್ಟೂ ಒಳ್ಳೆಯದೆಂಬ ನಂಬಿಕೆಯೂ ದುಬಾರಿ. 20 ಮೀಟರ್ ಲೈನಿನಲ್ಲಿ ಒಂದಿಂಚಿನ ಪೈಪು ಹಾಕಿದರೆ ಬಿಸಿನೀರು ಬರುವ ಮುನ್ನ ಎಂಟು ಲೀಟರಿಗೂ ಹೆಚ್ಚು ತಣ್ಣೀರು ಚರಂಡಿಗೆ ಹೋಗುತ್ತದೆ. ಮುಕ್ಕಾಲು ಇಂಚಿನದ್ದಾದರೆ ಐದು ಲೀಟರ್.

ಸ್ಥಳೀಯ ಸಂಸ್ಥೆಗಳು ಒಸಿ (ವಾಸಯೋಗ್ಯ ಪ್ರಮಾಣಪತ್ರ) ಕೊಡುವಾಗ ಒತ್ತಡ ಪರೀಕ್ಷೆಯ ಒಂದು ಹಾಳೆ, ಪೈಪುಗಳ ಪಕ್ಕ ಅಳತೆ ಟೇಪು ಹಿಡಿದು ತೆಗೆದ ಫೋಟೊ ಕೇಳಲಿ. ಅಲ್ಲಿಯವರೆಗೆ ಮನೆ ಕಟ್ಟಿಸುವವರು ಗೇಜಿನ ಮುಳ್ಳನ್ನು ಕಣ್ಣಾರೆ ನೋಡಿದ ಮೇಲಷ್ಟೇ ಪ್ಲಂಬರ್‌ಗೆ ಆ ಹಂತದ ಹಣ ಕೊಡಲಿ.

– ಓದುಗ, ಮೈಸೂರು