ಇಳಿದ ಕಥೆಯನ್ನೂ ಕೇಳು

ಚಿ. ಸಹನಾಳಿಗೆ ಪ್ರೆಸ್ಟನ್‌ನಿಂದ ಅತ್ತೆಯ ಆಶೀರ್ವಾದಗಳು.

ನಿನ್ನ ಮೆಸೇಜು ಓದಿದೆ. ಲೀಡ್ಸ್‌ನಲ್ಲಿ ಎವರೆಸ್ಟ್ ಹತ್ತಿದವರೊಬ್ಬರ ಭಾಷಣ ಕೇಳಿ ಬಂದೆಯಂತೆ, ರಾತ್ರಿಯೆಲ್ಲ ನಿದ್ದೆ ಬರಲಿಲ್ಲವಂತೆ, ಈಗ ಕೆಲಸಕ್ಕೆ ಒಂದು ವರ್ಷ ರಜೆ ಹಾಕಿ ನೇಪಾಳಕ್ಕೆ ಹೊರಡುವ ಯೋಚನೆಯಂತೆ. ನಿಮ್ಮಪ್ಪ ಗಾಬರಿಯಾಗಿ ಮೈಸೂರಿನಿಂದ ಫೋನ್ ಮಾಡಿದ್ದ. "ಅವಳಿಗೆ ಈ ಹುಚ್ಚು ಹಿಡಿಸಿದ್ದು ನೀನೇ ಅಲ್ವಾ?" ಅಂತ ನನ್ನನ್ನೇ ಬೈದ. ಬೈಯಲಿ ಬಿಡು. ಇಂಥ ಭಾಷಣಗಳಿಗೆ ಹೋಗಬೇಡ ಅಂತ ನಾನು ಹೇಳುವವಳಲ್ಲ. ಇನ್ನೂ ಜಾಸ್ತಿ ಹೋಗು. ಆದರೆ ಹೇಗೆ ಕೇಳಬೇಕು ಅನ್ನುವುದನ್ನು ಒಂದಿಷ್ಟು ಹೇಳಬೇಕು ಅನ್ನಿಸಿತು.

ಈ ಇಂಗ್ಲೆಂಡಿನಲ್ಲಿ ಪರ್ವತಾರೋಹಿಗಳ ಭಾಷಣ ಅಂದರೆ ನಮ್ಮ ಕಡೆಯ ಹರಿಕಥೆ ಇದ್ದ ಹಾಗೆ. ಊರೂರು ಸುತ್ತುತ್ತಾರೆ, ಕಥೆ ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ, ಆದರೂ ಸಭೆ ತುಂಬುತ್ತದೆ. ಮುಂದಿನ ಪರ್ವತದ ಖರ್ಚು ಎಷ್ಟೋ ಸಲ ಈ ಟಿಕೆಟ್ ದುಡ್ಡಿನಿಂದಲೇ ಹುಟ್ಟಬೇಕು. ಬ್ರಿಟಿಷ್ ಪರ್ವತಾರೋಹಿ ಜಾರ್ಜ್ ಮ್ಯಾಲರಿಯೂ 1923ರಲ್ಲಿ ಅಮೆರಿಕದಲ್ಲಿ ಹೀಗೇ ಭಾಷಣ ಮಾಡುತ್ತಾ ತಿರುಗಿದರು. ಕೈಗೆ ಹತ್ತಿದ ದುಡ್ಡು ಅಷ್ಟಕ್ಕಷ್ಟೇ. ಎವರೆಸ್ಟ್ ಯಾಕೆ ಹತ್ತಬೇಕು ಅಂತ ಕೇಳಿದಾಗ, ಅದು ಅಲ್ಲಿದೆಯಲ್ಲ, ಅದಕ್ಕೇ ಅಂದರು ಅನ್ನುವ ಪ್ರಸಿದ್ಧ ಮಾತು ಆಗಿನದೇ. ಮುಂದಿನ ವರ್ಷ ಅದೇ ಪರ್ವತದಲ್ಲಿ ತೀರಿಕೊಂಡರು. ಜನ ಆ ಉತ್ತರವನ್ನು ಮಂತ್ರದ ಹಾಗೆ ಹೇಳುತ್ತಾರೆ. ನನಗೇನೋ ಅದು ಒಂದೇ ಪ್ರಶ್ನೆಯನ್ನು ನೂರು ಸಲ ಕೇಳಿಸಿಕೊಂಡು ಬೇಸತ್ತವರ ಉತ್ತರ ಅನ್ನಿಸುತ್ತದೆ.

ನೀನು ಕೇಳಿದ ಭಾಷಣ ಹೇಗಿತ್ತು ನೆನಪಿಸಿಕೋ. ಬೇಸ್ ಕ್ಯಾಂಪು, ಹಿಮದ ಬಿರುಕಿನ ಮೇಲೆ ಏಣಿ, ಬಿರುಗಾಳಿ, ಕೊನೆಗೆ ತುದಿಯಲ್ಲಿ ಬಾವುಟ ಹಿಡಿದ ಫೋಟೋ. ಚಪ್ಪಾಳೆ. ಇಳಿದದ್ದು ಎಷ್ಟು ಹೊತ್ತು ಬಂತು? ಎರಡು ವಾಕ್ಯ ಬಂದಿದ್ದರೆ ಜಾಸ್ತಿ. ಸುಸ್ತಾಗಿ, ಆಮ್ಲಜನಕ ಮುಗಿಯುತ್ತಾ ಬಂದು, ಕತ್ತಲಾಗುವ ಹೊತ್ತಿಗೆ ಇನ್ನೂ ಇಳಿಯುತ್ತಲೇ ಇರುತ್ತಾರೆ ನೋಡು, ಭಾಷಣಕಾರರ ನಿಜವಾದ ಬಣ್ಣ ಗೊತ್ತಾಗುವುದು ಅಲ್ಲಿ.

ಡಗ್ ಸ್ಕಾಟ್ ಹೆಸರು ಕೇಳಿದ್ದೀಯ ತಾನೆ? ನಾಟಿಂಗ್‌ಹ್ಯಾಮ್‌ನವರು, 2020ರಲ್ಲಿ ತೀರಿಕೊಂಡರು. 1975ರ ಸೆಪ್ಟೆಂಬರ್ 24ರಂದು ಡೂಗಲ್ ಹ್ಯಾಸ್ಟನ್ ಜೊತೆ ಎವರೆಸ್ಟ್‌ನ ನೈಋತ್ಯ ಮುಖದಿಂದ ತುದಿ ಮುಟ್ಟಿದವರು. ಇಳಿಯುವಾಗ ಕತ್ತಲಾಗಿ ತುದಿಯಿಂದ ಸ್ವಲ್ಪವೇ ಕೆಳಗೆ ಹಿಮ ಕೊರೆದು ಕೂತು ರಾತ್ರಿ ಕಳೆದರು. ಆಮ್ಲಜನಕವೂ ಇಲ್ಲ, ಮಲಗುವ ಚೀಲವೂ ಇಲ್ಲ. ಆದರೆ ನನಗೆ ಅದಕ್ಕಿಂತ ದೊಡ್ಡದು ಅನ್ನಿಸುವುದು 1977ರ ಕಥೆ. ಪಾಕಿಸ್ತಾನದ ಕಾರಕೋರಂ ಪರ್ವತಸಾಲಿನಲ್ಲಿ ಓಗರ್ ಅನ್ನುವ 7,285 ಮೀಟರ್ ಪರ್ವತ. ಸ್ಕಾಟ್, ಕ್ರಿಸ್ ಬಾನಿಂಗ್ಟನ್ ಇಬ್ಬರೂ ತುದಿ ಮುಟ್ಟಿದರು. ಇಳಿಯಲು ಶುರು ಮಾಡುತ್ತಿದ್ದಂತೆ ಸ್ಕಾಟ್ ಹಗ್ಗದಲ್ಲಿ ಜಾರಿ, ಜೋಲಿ ಹೊಡೆದು ಬಂಡೆಗೆ ಬಡಿದು, ಎರಡೂ ಕಾಲು ಮುರಿದುಕೊಂಡರು. ಆಮೇಲೆ ಬಾನಿಂಗ್ಟನ್‌ಗೂ ಪಕ್ಕೆಲುಬು ಮುರಿಯಿತು. ಬಿರುಗಾಳಿ ಬೇರೆ, ಊಟ ಮುಗಿದಿದೆ. ಸ್ಕಾಟ್ ದಿನಗಟ್ಟಲೆ ಮೊಣಕಾಲಿನ ಮೇಲೆ ತೆವಳಿಕೊಂಡು ಕೆಳಗೆ ಬಂದರು. ದಾರಿ ಮಾಡಿ, ಹಗ್ಗ ಕಟ್ಟಿ ಇಳಿಸಿದವರು ಮೋ ಆಂಥಾಯ್ನ್ ಮತ್ತು ಕ್ಲೈವ್ ರೋಲೆಂಡ್. ತುದಿ ಮುಟ್ಟಿದವರು ಅವರಲ್ಲ, ಹಾಗಾಗಿ ಅವರ ಹೆಸರು ಅಷ್ಟಾಗಿ ಕೇಳಿಬರುವುದಿಲ್ಲ. ಇನ್ನು ಮುಂದೆ ಯಾವ ಭಾಷಣಕ್ಕೆ ಹೋದರೂ ಅಲ್ಲಿಯ ಮೋ ಯಾರು, ಕ್ಲೈವ್ ಯಾರು ಅಂತ ಹುಡುಕು. ಅವರ ಹೆಸರೇ ಬಾರದಿದ್ದರೆ ಆ ಕಥೆಯನ್ನು ಅರ್ಧ ಮಾತ್ರ ನಂಬು.

ಒಂದೇ ಘಟನೆಯನ್ನು ಇಬ್ಬರ ಬಾಯಲ್ಲಿ ಕೇಳುವ ಅವಕಾಶ ಸಿಕ್ಕರೆ ಬಿಡಲೇಬೇಡ. ಪೆರುವಿನ ಸಿಯುಲಾ ಗ್ರಾಂಡೆ ಪರ್ವತದಲ್ಲಿ 1985ರಲ್ಲಿ ಜೋ ಸಿಂಪ್ಸನ್‌ಗೆ ಕಾಲು ಮುರಿಯಿತು. ಅದೂ ಇಳಿಯುವಾಗಲೇ, ಗಮನಿಸು. ಜೊತೆಗಿದ್ದ ಸೈಮನ್ ಯೇಟ್ಸ್ ಅವರನ್ನು ಹಗ್ಗದಲ್ಲಿ ಇಳಿಸುತ್ತಾ ಇಳಿಸುತ್ತಾ, ಕೊನೆಗೆ ತಾನೂ ಜಾರುವ ಸ್ಥಿತಿ ಬಂದಾಗ ಹಗ್ಗ ಕತ್ತರಿಸಿದರು. ಸಿಂಪ್ಸನ್ ಹಿಮದ ಬಿರುಕಿನೊಳಗೆ ಬಿದ್ದು, ಬದುಕಿ, ತೆವಳಿ ವಾಪಸ್ ಬಂದರು. ಇಬ್ಬರೂ ಆಮೇಲೆ ವೇದಿಕೆ ಹತ್ತಿ ಮಾತಾಡಿದವರೇ. ಬಿದ್ದವರ ಕಥೆಗೆ ಎಲ್ಲರೂ ಮರುಗುತ್ತಾರೆ. ನನಗೆ ಮಾತ್ರ ಕತ್ತರಿಸಿದವರ ಮಾತು ಕೇಳುವ ಆಸೆ ಜಾಸ್ತಿ.

ಮೂವತ್ತು ವರ್ಷದ ಮೇಲೆ ಅನಸ್ತೇಶಿಯಾ ಡಾಕ್ಟರಾಗಿದ್ದವಳು ನಾನು, ಆಮ್ಲಜನಕದ ವಿಷಯ ಬಂದರೆ ಸುಮ್ನೆ ಇರಲಾರೆ. ಎವರೆಸ್ಟ್ ತುದಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಒಂದು ಭಾಗ. ಮಿದುಳಿಗೆ ಅಲ್ಲಿ ಸರಿಯಾಗಿ ಯೋಚನೆ ಮಾಡುವುದೇ ಕಷ್ಟ. ಅಂಥ ಕಡೆ ಮನಸ್ಸಿಗೆ ಹೊಳೆದ ದೊಡ್ಡ ದೊಡ್ಡ ಸತ್ಯಗಳನ್ನು ವೇದಿಕೆಯಲ್ಲಿ ವರ್ಣಿಸುತ್ತಾರಲ್ಲ, ನನಗೆ ಒಳಗೊಳಗೇ ನಗು. ಎವರೆಸ್ಟ್ ಮೊದಲ ಸಲ ಹತ್ತಿದ 1953ರ ತಂಡದಲ್ಲಿ ಗ್ರಿಫಿತ್ ಪ್ಯೂ ಅಂತ ಒಬ್ಬ ಶರೀರಶಾಸ್ತ್ರಜ್ಞರಿದ್ದರು. ಹಿಂದಿನ ವರ್ಷ ಚೋ ಓಯು ಪರ್ವತದ ತಪ್ಪಲಿನಲ್ಲಿ ಪ್ರಯೋಗ ಮಾಡಿ, ಆಮ್ಲಜನಕ ಎಷ್ಟು ವೇಗದಲ್ಲಿ ಬಿಡಬೇಕು, ನೀರು ಎಷ್ಟು ಜಾಸ್ತಿ ಕುಡಿಯಬೇಕು ಅಂತ ಲೆಕ್ಕ ಹಾಕಿದವರು. ಹಿಲರಿ, ತೇನ್‌ಸಿಂಗ್ ತುದಿ ಮುಟ್ಟಿದ್ದರಲ್ಲಿ ಆ ಲೆಕ್ಕದ ಪಾಲು ದೊಡ್ಡದು. ಅವರ ಬಗ್ಗೆ ಯಾರಾದರೂ ಮಾತಾಡುತ್ತಾರೆ ಅಂದರೆ ನಾನು ಮುಂದಿನ ಸಾಲಿನಲ್ಲೇ ಟಿಕೆಟ್ ತೆಗೆಯುತ್ತೇನೆ.

ದಾರಿ ತೋರಿಸಿ, ಹೊರೆ ಹೊರುವ ಶೆರ್ಪಾಗಳ ಮಾತೂ ಹಾಗೇ ಕೇಳಬೇಕಾದದ್ದು. ಕಾಮಿ ರೀಟಾ ಶೆರ್ಪಾ 2025ರ ಮೇ ಹೊತ್ತಿಗೆ ಎವರೆಸ್ಟ್ ಹತ್ತಿದ್ದು 31 ಸಲ. ಎತ್ತರದಲ್ಲಿ ಎವರೆಸ್ಟ್ ನಂತರದ್ದಾದ, ಚಳಿಗಾಲದಲ್ಲಿ ಅಲ್ಲಿಯವರೆಗೆ ಯಾರಿಗೂ ಹತ್ತಲಾಗದ ಕೆ2 ಪರ್ವತವನ್ನು 2021ರ ಜನವರಿ 16ರಂದು ಹತ್ತಿದವರು ಹತ್ತು ಜನ ನೇಪಾಳಿಗಳು. ತುದಿಗೆ ಸ್ವಲ್ಪ ಮುಂಚೆ ಒಬ್ಬರಿಗೊಬ್ಬರು ಕಾದು, ಒಟ್ಟಿಗೇ ಹೆಜ್ಜೆ ಇಟ್ಟರು. ಇಂಥವರು ಈ ಕಡೆ ಬಂದರೆ, ಇಂಗ್ಲಿಷ್ ಸ್ವಲ್ಪ ತಡವರಿಸಿದರೂ ಪರವಾಗಿಲ್ಲ, ಹೋಗಿ ಕೇಳು.

ಪ್ರಶ್ನೋತ್ತರದ ಹೊತ್ತಿಗೆ ಎದ್ದು ಹೋಗಬೇಡ. "ತುದಿಯಲ್ಲಿ ಹೇಗನ್ನಿಸಿತು?" ಅಂತಲೂ ಕೇಳಬೇಡ, ಅದಕ್ಕೆ ಉತ್ತರ ತಯಾರಾಗಿಯೇ ಇರುತ್ತದೆ. ಕಾಠ್ಮಂಡುವಿನಲ್ಲಿ ಎಲಿಜಬೆತ್ ಹಾವ್ಲಿ ಅಂತ ಅಮೆರಿಕದ ಪತ್ರಕರ್ತೆ ಇದ್ದರು. 1960ರಲ್ಲಿ ಅಲ್ಲಿಗೆ ಬಂದು, 2018ರಲ್ಲಿ ಸಾಯುವವರೆಗೂ ಅಲ್ಲೇ ಇದ್ದರು. ಒಂದು ಪರ್ವತವನ್ನೂ ಹತ್ತಿದವರಲ್ಲ. ಆದರೆ ತಂಡಗಳು ಊರಿಗೆ ಬಂದ ಕೂಡಲೇ ಹೋಟೆಲಿಗೇ ಹೋಗಿ ವಿಚಾರಿಸುತ್ತಿದ್ದರು. ಯಾವ ದಾರಿ, ಯಾವ ದಿನ, ಜೊತೆಗೆ ಯಾರು ಅಂತ. ದೊಡ್ಡ ದೊಡ್ಡ ಹೆಸರಿನವರೂ ಅವರ ಮುಂದೆ ಸ್ವಲ್ಪ ನಡುಗುತ್ತಿದ್ದರು. ಕೇಳಿದರೆ ಹಾಗೆ ಕೇಳಬೇಕು. ಎಷ್ಟು ಗಂಟೆಗೆ ಹಿಂದಿರುಗಬೇಕು ಅಂತ ಮೊದಲೇ ಗೊತ್ತು ಮಾಡಿಕೊಂಡಿದ್ದಿರಿ, ಆ ಗಂಟೆಯಾದಾಗ ಎಲ್ಲಿದ್ದಿರಿ? ಹತ್ತಲಾಗದೆ ವಾಪಸ್ ಬಂದದ್ದು ಯಾವಾಗ? ಇಂಥವು. ಒಳ್ಳೆಯವರು ಈ ಪ್ರಶ್ನೆಗೆ ಖುಷಿಪಡುತ್ತಾರೆ.

ಅನುಮಾನ ಪಡಲೂ ನಾಚಬೇಡ. 2016ರಲ್ಲಿ ಪುಣೆಯ ಪೊಲೀಸ್ ದಂಪತಿ ಎವರೆಸ್ಟ್ ಹತ್ತಿದೆವು ಅಂತ ಫೋಟೋ ತೋರಿಸಿದ್ದರು. ಅದು ನನ್ನ ಫೋಟೋ, ತಿದ್ದಿದ್ದಾರೆ ಅಂತ ಹೇಳಿದವರು ಬೆಂಗಳೂರಿನಲ್ಲಿದ್ದ ಪರ್ವತಾರೋಹಿ ಸತ್ಯರೂಪ್ ಸಿದ್ಧಾಂತ. ನೇಪಾಳ ಸರ್ಕಾರ ಆ ದಂಪತಿಗೆ ಹತ್ತು ವರ್ಷ ನಿಷೇಧ ಹಾಕಿತು.

ಇನ್ನು ನಿನ್ನ ಯೋಚನೆ. ಭಾಷಣ ಕೇಳಿದ ವಾರದಲ್ಲಿ ಯಾವ ಅಡ್ವಾನ್ಸೂ ಕಟ್ಟಬೇಡ. ಎವರೆಸ್ಟ್ ಪರ್ಮಿಟ್ ಒಂದಕ್ಕೇ ಈಗ 15,000 ಡಾಲರ್. ಅದರ ಮೇಲೆ ಶೆರ್ಪಾ, ಆಮ್ಲಜನಕ, ವಿಮೆ. ಮೊದಲು ಈ ಚಳಿಗಾಲ ಸ್ಕಾಟ್ಲೆಂಡಿನ ಗ್ಲೆನ್‌ಮೋರ್ ಲಾಡ್ಜ್ ತರಬೇತಿ ಕೇಂದ್ರಕ್ಕೆ ಹೋಗಿ ಐಸ್ ಆಕ್ಸ್ ಹಿಡಿಯುವುದು, ಜಾರಿದರೆ ನಿಲ್ಲುವುದು ಕಲಿ. ಊರಿಗೆ ಹೋದಾಗ ಉತ್ತರಕಾಶಿಯ ಅಥವಾ ಡಾರ್ಜಿಲಿಂಗ್‌ನ ಪರ್ವತಾರೋಹಣ ಸಂಸ್ಥೆಯ ಬೇಸಿಕ್ ಕೋರ್ಸ್ ಮಾಡಬಹುದು. ಕೋರ್ಸ್ ಅಂದರೆ ಅಪಾಯವಿಲ್ಲ ಅಂತಲ್ಲ. 2022ರ ಅಕ್ಟೋಬರ್‌ನಲ್ಲಿ ದ್ರೌಪದಿ ಕಾ ದಂಡಾ ಶಿಖರದಲ್ಲಿ ಹಿಮ ಕುಸಿದು ಉತ್ತರಕಾಶಿಯ ಸಂಸ್ಥೆಯ ತಂಡ ಸಿಕ್ಕಿಬಿತ್ತು. ಅದೇ ವರ್ಷ ಎವರೆಸ್ಟ್, ಮಕಾಲು ಎರಡನ್ನೂ ಹತ್ತಿ ಬಂದಿದ್ದ ಸವಿತಾ ಕಂಸ್ವಾಲ್ ಅಲ್ಲಿ ಕಲಿಸಲು ಹೋಗಿದ್ದಳು. ಅವಳೂ ತೀರಿಕೊಂಡಳು. ಇದನ್ನು ಹೆದರಿಸಲು ಬರೆಯುತ್ತಿಲ್ಲ. ಯಾವ ಭಾಷಣದಲ್ಲೂ ಈ ಹೆಸರು ಕೇಳಿಬರುವುದಿಲ್ಲವಲ್ಲ ಅಂತ ಬರೆದೆ.

ನವೆಂಬರ್‌ನಲ್ಲಿ ಕೆಂಡಾಲ್‌ನಲ್ಲಿ ಪರ್ವತ ಉತ್ಸವ ಇರುತ್ತದೆ. ಒಳ್ಳೆ ಭಾಷಣಗಳ ಟಿಕೆಟ್ ಬೇಗ ಖಾಲಿಯಾಗುತ್ತವೆ, ಈಗಲೇ ಎರಡು ತೆಗೆದಿಡು. ಟ್ರೈನಿನಲ್ಲಿ ಪ್ರೆಸ್ಟನ್‌ಗೆ ಬಾ, ಇಲ್ಲಿಂದ ನನ್ನ ಕಾರಿನಲ್ಲಿ ಹೋಗೋಣ. ನಿಮ್ಮಪ್ಪನಿಗೆ ನಾನೇ ಫೋನ್ ಮಾಡಿ ಹೇಳುತ್ತೇನೆ. ರಜೆಯ ಅರ್ಜಿ ಮಾತ್ರ ಸದ್ಯಕ್ಕೆ ಕೊಡಬೇಡ.

ನಿನ್ನ
ಅತ್ತೆ